ಗುಮಾಸ್ತನಿಗೂ ಸಂಬಳ ಬೇಕು

ಓದುಗರೊಬ್ಬರ ಪತ್ರ: "ದಾನಸಂಸ್ಥೆಗಳು ಕೊಡುವ ದುಡ್ಡು ಪೂರ್ತಿ ಬಡವರಿಗೇ ಹೋಗಬೇಕು. ಸಂಬಳ, ಬಾಡಿಗೆಗೆ ಒಂದು ಪೈಸೆಯೂ ಸಲ್ಲದು. ಯಾವ ಸಂಸ್ಥೆ ಆಫೀಸು ಖರ್ಚಿಗೆ ಎಷ್ಟು ಸುರಿಯುತ್ತದೆ ಎಂಬ ಪಟ್ಟಿಯನ್ನು ನೀವೇ ಯಾಕೆ ಪ್ರಕಟಿಸಬಾರದು?"

ಸಂಪಾದಕರ ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಸೇವೆಯ ಹೆಸರಲ್ಲಿ ಕಾರು ಕೊಂಡವರನ್ನು ನಾನೂ ನೋಡಿದ್ದೇನೆ. ಲೆಕ್ಕ ಕೇಳಲೇಬೇಕು, ಸರಿ. ಉಳಿದದ್ದಕ್ಕೆ ಮಾತ್ರ ಜಗಳ ಆಡದೆ ಬಿಡಲಾರೆ.

ಸಂಜೆ ಶಾಲೆ ನಡೆಸುವ ಒಬ್ಬ ಹೆಂಗಸಿನ ಎದುರು ಒಮ್ಮೆ ಅರ್ಧ ದಿನ ಕೂತಿದ್ದೆ. ಮೂವರು ದಾನಿಗಳು, ಮೂರು ನಮೂನೆ. ಒಬ್ಬರಿಗೆ ಮಕ್ಕಳ ಲೆಕ್ಕ ವಯಸ್ಸಿನ ಪ್ರಕಾರ ಬೇಕು, ಇನ್ನೊಬ್ಬರಿಗೆ ತರಗತಿ ಪ್ರಕಾರ, ಮೂರನೆಯವರಿಗೆ ನಗುವ ಫೋಟೊ. ಒಂದೇ ಹಾಜರಿ ಪುಸ್ತಕದಲ್ಲಿ ಕೆಂಪು, ನೀಲಿ, ಹಸಿರು ಶಾಯಿಯ ಗುರುತು. ಇದಕ್ಕೊಬ್ಬ ಗುಮಾಸ್ತ ಬೇಕು ಅಂದರೆ ಮೂವರೂ ಒಪ್ಪಿರಲಿಲ್ಲ. ಅದು ಆಡಳಿತ ವೆಚ್ಚ ಅಲ್ವಾ! ಪಾಠ ಮಾಡಬೇಕಾದವರು ಗೆರೆ ಎಳೆಯುತ್ತಾ ಕೂತಿದ್ದರು. ಪಕ್ಕದ ಕೋಣೆಯಲ್ಲಿ ಮಕ್ಕಳ ಗಲಾಟೆ.

ಆಂಡ್ರ್ಯೂ ಕಾರ್ನೆಗಿ ಎಂಬ ಅಮೆರಿಕದ ಉಕ್ಕಿನ ವ್ಯಾಪಾರಿಯ ಹಣದಲ್ಲಿ 2,509 ಗ್ರಂಥಾಲಯಗಳು ಎದ್ದವು. ಅವರು ಕೊಡುತ್ತಿದ್ದದ್ದು ಹೆಚ್ಚಾಗಿ ಕಟ್ಟಡಕ್ಕೇ. ನಿಮಗೆ ಖುಷಿಯಾಯಿತೇನೋ. ಆದರೆ ಷರತ್ತು ನೋಡಿ: ಕೊಟ್ಟ ಮೊತ್ತದ ಹತ್ತನೇ ಒಂದು ಪಾಲನ್ನು ಊರಿನವರು ಪ್ರತಿ ವರ್ಷ ನಿರ್ವಹಣೆಗೆ ಎತ್ತಿಡಬೇಕು. ಗ್ರಂಥಪಾಲಕರ ಸಂಬಳವಿಲ್ಲದಿದ್ದರೆ ಅದು ಬರೀ ಗೋಡೌನು ಅಂತ ಆ ವ್ಯಾಪಾರಿಗೆ ಗೊತ್ತಿತ್ತು.

ರಾಕ್‌ಫೆಲರ್ ಪ್ರತಿಷ್ಠಾನ ಎಂಬ ಅಮೆರಿಕದ ದಾನಸಂಸ್ಥೆ ಶುರುವಾದದ್ದು 1913ರಲ್ಲಿ. ಅದರ ಪ್ರಯೋಗಾಲಯದಲ್ಲಿ ಹಳದಿ ಜ್ವರದ ಲಸಿಕೆ ಸಿದ್ಧವಾದದ್ದು 1937ರಲ್ಲಿ. ನಡುವೆ, ರಾಕ್‌ಫೆಲರ್ ಹಣದಲ್ಲೇ ದುಡಿದ ಜಪಾನಿನ ವಿಜ್ಞಾನಿ ಹಿದೆಯೊ ನೊಗುಚಿ ಆ ಜ್ವರದ ರೋಗಾಣು ಸಿಕ್ಕಿತು ಅಂದರು. ಅದು ತಪ್ಪಾಗಿತ್ತು. 1928ರಲ್ಲಿ ಅದೇ ಜ್ವರಕ್ಕೆ ಅವರು ಬಲಿಯಾದರು. ಆರು ತಿಂಗಳಿಗೊಮ್ಮೆ "ಎಷ್ಟು ಜನರಿಗೆ ಲಸಿಕೆ ಸಿಕ್ಕಿತು?" ಎಂದು ಕೇಳಿದ್ದರೆ ಉತ್ತರ ಸೊನ್ನೆ. ವರ್ಷಗಟ್ಟಲೆ ಸೊನ್ನೆ.

ಅಷ್ಟು ತಾಳ್ಮೆ ಈಗ ಎಲ್ಲಿದೆ? ಒಂದು ವರ್ಷದ ಅನುದಾನ ಕೊಟ್ಟು ಹತ್ತು ವರ್ಷದ ಬದಲಾವಣೆ ಕೇಳುತ್ತಾರೆ. ಬಾಗಿಲಿನಷ್ಟು ದೊಡ್ಡ ಚೆಕ್ ಹಿಡಿದು ಫೋಟೊ ಬೇರೆ. 2020ರಿಂದ ಅಮೆರಿಕದ ಸಿರಿವಂತೆ ಮೆಕೆಂಜಿ ಸ್ಕಾಟ್ ಇಂಥದ್ದಕ್ಕೇ ಖರ್ಚು ಮಾಡಿ ಎಂದು ಕಟ್ಟುಹಾಕದೆ ಕೋಟಿಗಟ್ಟಲೆ ಡಾಲರ್ ಕೊಡುತ್ತಿದ್ದಾರೆ. ಅವರ ದಾರಿ ಹಿಡಿದವರು ಕಡಿಮೆ. ಎಲ್ಲದಕ್ಕೂ ಅಂಕ ಹಾಕುವ ಚಟ ನಮಗೆ ಜಾಸ್ತಿಯಾಗಿದೆ. ಡಾಕ್ಟರಿಗೆ ನಕ್ಷತ್ರ, ಡ್ರೈವರಿಗೆ ನಕ್ಷತ್ರ. ಮೊನ್ನೆ ಯಾರೋ ನಮ್ಮ ಕವಿತೆಯ ಪುಟಕ್ಕೂ 5ಕ್ಕೆ 2 ಹಾಕಿ ಕಳಿಸಿದ್ದರು! ಕಾರಣ ಒಂದು ಸಾಲೂ ಇಲ್ಲ.

ನಿಮ್ಮ ಪಟ್ಟಿಯನ್ನು ಪ್ರಕಟಿಸುವುದಿಲ್ಲ. ಒಂದು ವಾರ ಬಿಡುವು ಮಾಡಿಕೊಂಡು ಅಂಥ ಯಾವುದಾದರೂ ಶಾಲೆಯಲ್ಲಿ ಹಾಜರಿ ಬರೆದುಕೊಡಿ. ನಿಮ್ಮ ಅಕ್ಷರ ದುಂಡಗಿದೆ. ಮೂರು ಬಣ್ಣದ ಪೆನ್ನು ನಾನೇ ಕಳಿಸುತ್ತೇನೆ.