ಕೊನೆಯ ಆಶೀರ್ವಾದಕ್ಕೆ ಮುಂಚೆಯೇ ಎದ್ದು ಹೋಗುತ್ತಿದ್ದವರು

ಸಲಹೆ ಕೇಳಲು ನನ್ನ ಬಳಿ ಬಂದ ಒಬ್ಬರ ಕಥೆ ಇದು. ಊರು, ವಯಸ್ಸು, ಮನೆಯ ವಿವರ ಎಲ್ಲ ಸ್ವಲ್ಪ ಬದಲಿಸಿದ್ದೇನೆ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ.

ಆಕೆ ಬೆಂಗಳೂರಿನ ಹೊರಗೆ ಹೊಸ ಮನೆ ಕಟ್ಟಿಸಿದ್ದರು. ಹುಟ್ಟಿನಿಂದ ಕಥೋಲಿಕರು, ನಲವತ್ತು ದಾಟಿದೆ. ಮೊದಲ ಮದುವೆ ಚರ್ಚಿನಲ್ಲೇ ಆಗಿತ್ತು. ಎರಡು ವರ್ಷಕ್ಕೆ ಗಂಡ ಬಿಟ್ಟು ಹೋದ, ಆಮೇಲೆ ಕೋರ್ಟಿನಲ್ಲಿ ವಿಚ್ಛೇದನ. ಆದರೆ ಚರ್ಚಿನ ಲೆಕ್ಕದಲ್ಲಿ ಅದರಿಂದ ಮೊದಲ ಮದುವೆ ಮುಗಿಯುವುದಿಲ್ಲ. ಈಗಿನ ಯಜಮಾನರು ಹಿಂದೂ. ಅವರ ಜೊತೆ ರಿಜಿಸ್ಟರ್ ಮದುವೆಯಾಗಿ ಒಂಬತ್ತು ವರ್ಷ. ಒಬ್ಬಳು ಮಗಳು.

ಬಂದವರೇ ಮೊಬೈಲ್ ಮುಂದೆ ಹಿಡಿದರು. 'ಪೋಪ್ ಎರಡನೇ ಮದುವೆಗೆ ಒಪ್ಪಿಗೆ ಕೊಟ್ಟರು' ಅಂತ ಯಾರೋ ಕಳಿಸಿದ್ದ ವಾಟ್ಸಾಪ್ ಸುದ್ದಿ. "ನಿಜಾನಾ ಮೇಡಂ? ಹಾಗಾದ್ರೆ ಹತ್ತನೇ ವರ್ಷದ ದಿನ ಗೃಹಪ್ರವೇಶ ಇಟ್ಕೊಂಡು, ಫಾದರ್ ಕೈಲಿ ಆಶೀರ್ವಾದ ಮಾಡಿಸಿ, ಉಂಗುರ ಬದಲಾಯಿಸ್ಕೋಬಹುದಾ?" ಫೋಟೋಗ್ರಾಫರ್‌ಗೂ ಹೇಳಿಟ್ಟಿದ್ದರು.

ನಾನು ಮಾಡಿದ ತಪ್ಪು ಇಲ್ಲೇ. "ಅದು ಸುಳ್ಳು ಸುದ್ದಿ" ಅಂದುಬಿಟ್ಟೆ. ಆಕೆ ಮೊಬೈಲ್ ಬ್ಯಾಗಿಗೆ ಹಾಕಿಕೊಂಡು, "ಗೊತ್ತಿತ್ತು, ನಮ್ಮಂಥವರಿಗೆ ಆಶೀರ್ವಾದ ಇಲ್ಲ ಅಂತ ಹಿಂದೇನೂ ಒಬ್ಬರು ಹೇಳಿದ್ರು" ಅಂದು ಅತ್ತರು. ಹಿಂದೆ ಹಾಗೆ ಹೇಳಿದ್ದು ಫಾದರ್ ಅಲ್ಲ, ಚರ್ಚಿನ ಕಮಿಟಿಯವರೊಬ್ಬರು. ಆದರೆ ಹತ್ತಿರ ಹತ್ತಿರ ಹತ್ತು ವರ್ಷ ಆ ಮಾತನ್ನು ಆಕೆ ದೇವರ ಮಾತು ಅಂತಲೇ ಇಟ್ಟುಕೊಂಡಿದ್ದರು.

ಆ ಸುದ್ದಿ ಪೂರ್ತಿ ಸುಳ್ಳೂ ಅಲ್ಲ. 2023ರ ಡಿಸೆಂಬರ್ 18ರಂದು ವ್ಯಾಟಿಕನ್ನಿನ ವಿಶ್ವಾಸ ಸಿದ್ಧಾಂತ ವಿಭಾಗ, ಪೋಪ್ ಫ್ರಾನ್ಸಿಸ್ ಒಪ್ಪಿಗೆಯೊಂದಿಗೆ, ಆಶೀರ್ವಾದದ ಬಗ್ಗೆ ಒಂದು ಘೋಷಣೆ ಹೊರಡಿಸಿತು. ಹೆಸರು 'ಫಿದೂಚಿಯಾ ಸುಪ್ಲಿಕಾನ್ಸ್'. ಸಲಿಂಗ ಜೋಡಿಗಳ ಮಾತೂ ಅದರಲ್ಲಿ ಇದ್ದುದರಿಂದ ಗಲಾಟೆಯೆಲ್ಲ ಅದರ ಸುತ್ತಲೇ ಆಯಿತು, ಆಫ್ರಿಕಾದ ಧರ್ಮಾಧ್ಯಕ್ಷರ (ಬಿಷಪ್‌ಗಳ) ಒಕ್ಕೂಟ ಆ ಜೋಡಿಗಳಿಗೆ ನಮ್ಮಲ್ಲಿ ಆಶೀರ್ವಾದ ಕೊಡುವುದಿಲ್ಲ ಅಂದಿತು. ಆ ಗದ್ದಲದಲ್ಲಿ ಈಕೆಯಂಥವರಿಗೂ ಅದರಲ್ಲಿ ಜಾಗ ಇದೆ ಅನ್ನೋದು ಮರೆತೇ ಹೋಯಿತು. ಚರ್ಚಿನ ನಿಯಮಕ್ಕೆ ಹೊಂದದ ಮದುವೆಯಲ್ಲಿ ಇರುವ ಜೋಡಿ ಬಂದು ಕೇಳಿದರೆ ಫಾದರ್ ಚಿಕ್ಕದಾಗಿ ಪ್ರಾರ್ಥಿಸಿ ಆಶೀರ್ವದಿಸಬಹುದು. ಶಾಂತಿ, ಆರೋಗ್ಯ, ತಾಳ್ಮೆ ಬೇಡಬಹುದು. ಮೊದಲು ಅವರ ಬದುಕನ್ನೆಲ್ಲ ಜಾಲಾಡಬೇಕು ಅಂತಿಲ್ಲ. ಆದರೆ ಅದು ಮದುವೆಯ ಹಾಗೆ ಕಾಣಬಾರದು. ಮದುವೆಯ ಉಡುಪು, ಮದುವೆಯ ಮಾತು ಯಾವುದೂ ಬೇಡ, ರಿಜಿಸ್ಟರ್ ಮದುವೆಯ ಕಾರ್ಯಕ್ರಮದ ಜೊತೆಗೂ ಬೇಡ. 2024ರ ಜನವರಿ 4ರಂದು ಕೊಟ್ಟ ವಿವರಣೆಯಲ್ಲಂತೂ ಇದು ಹತ್ತು ಹದಿನೈದು ಸೆಕೆಂಡಿನ ಸಂಗತಿ ಅಂದರು.

"ಹದಿನೈದು ಸೆಕೆಂಡಾ?" ಆಕೆಗೆ ನಗು ಬಂತು. "ಅಷ್ಟರಲ್ಲಿ ಏನಾಗುತ್ತೆ ಮೇಡಂ?"

ನಾನು ಉತ್ತರ ಹೇಳಲಿಲ್ಲ. ಭಾನುವಾರ ಚರ್ಚಿನ ಬಲಿಪೂಜೆಗೆ ಹೋಗ್ತೀರಾ ಅಂತ ಕೇಳಿದೆ. ತಪ್ಪದೆ ಹೋಗ್ತಾರೆ. ಎಲ್ಲಿ ಕೂರ್ತೀರಿ? ಕೊನೆಯ ಬೆಂಚು. ಎಷ್ಟು ಹೊತ್ತು ಇರ್ತೀರಿ? "ಪರಮಪ್ರಸಾದಕ್ಕೆ ಎಲ್ಲರೂ ಸಾಲು ನಿಲ್ತಾರಲ್ಲ, ಆಗ ಬೆಂಚಲ್ಲಿ ನಾನೊಬ್ಬಳೇ ಉಳಿತೀನಿ. ಎಲ್ಲ ನೋಡ್ತಾರೆ ಅನ್ಸುತ್ತೆ. ಎದ್ದು ಬಂದ್ಬಿಡ್ತೀನಿ." ಪರಮಪ್ರಸಾದ ಅಂದರೆ ಪೂಜೆಯ ಕೊನೆಯ ಭಾಗದಲ್ಲಿ ಕೊಡುವ ಪವಿತ್ರ ರೊಟ್ಟಿ. ಚರ್ಚಿನ ನಿಯಮಕ್ಕೆ ಹೊಂದದ ಮದುವೆ ಆದ್ದರಿಂದ ಆಕೆ ಅದನ್ನು ತಗೊಳ್ಳುತ್ತಿರಲಿಲ್ಲ.

ಅಂದರೆ ಒಂಬತ್ತು ವರ್ಷ, ವಾರ ವಾರ, ಪೂಜೆಯ ಕೊನೆಯ ಆಶೀರ್ವಾದಕ್ಕೆ ಮುಂಚೆಯೇ ಆಕೆ ಗೇಟು ದಾಟಿರುತ್ತಿದ್ದರು. ಆ ಆಶೀರ್ವಾದ ಪರಮಪ್ರಸಾದ ತಗೊಂಡವರಿಗೆ ಮಾತ್ರ ಅಲ್ಲ, ಒಳಗೆ ನಿಂತ ಎಲ್ಲರಿಗೂ. ನಾನು ಇದನ್ನು ಹೇಳಿದಾಗ ಆಕೆ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ತಾವೇ ಬೆಂಗಳೂರಿನ ಶಿವಾಜಿನಗರದ ಚರ್ಚಿನ ಮಾತು ತೆಗೆದರು. ಸೆಪ್ಟೆಂಬರ್ 8ರ, ಯೇಸುವಿನ ತಾಯಿ ಮರಿಯಮ್ಮನ ಹಬ್ಬಕ್ಕೆ ಕಾವಿ ಸೀರೆ ಉಟ್ಟು ಗಂಡ, ಮಗಳ ಜೊತೆ ಹೋಗ್ತಾರಂತೆ. "ಆ ನೂಕುನುಗ್ಗಲಲ್ಲಿ ಯಾರು ಯಾರ ಮದುವೆ ಕೇಳ್ತಾರೆ? ಅಲ್ಲಿ ಮಾತ್ರ ಕೊನೆವರೆಗೂ ನಿಲ್ತೀನಿ."

ಆಕೆಗೆ ಬೇಕಿದ್ದದ್ದು ಎರಡು. ದೇವರ ಮುಂದೆ ಗಂಡನ ಜೊತೆ ನಿಲ್ಲುವುದು ಒಂದು. ನೆಂಟರ ಬಾಯಿ ಮುಚ್ಚಿಸುವ ಒಂದು ಫೋಟೋ ಇನ್ನೊಂದು. ಎರಡನೆಯದು ಬೇಕು ಅನ್ನಿಸಿದ್ದು ತಪ್ಪೇನಲ್ಲ, ಅಷ್ಟು ಮಾತು ಕೇಳಿದವರಿಗೆ ಅನ್ನಿಸದೆ ಇರುತ್ತಾ? ಆದರೆ ಆ ಕೆಲಸ ಆಶೀರ್ವಾದದ ಕೈಲಿ ಆಗಲ್ಲ ಅಂತ ನೇರವಾಗಿಯೇ ಹೇಳಿದೆ. ಅದಕ್ಕೆ ಬೇರೆ ದಾರಿ ಇದೆ. ಮೊದಲ ಮದುವೆ ಆಗುವಾಗಲೇ ಸಿಂಧುವಾಗಿರಲಿಲ್ಲವೇ ಅಂತ ಧರ್ಮಪ್ರಾಂತ್ಯದ (ಒಬ್ಬ ಬಿಷಪ್ ನೋಡಿಕೊಳ್ಳುವ ಪ್ರದೇಶದ) ವಿವಾಹ ನ್ಯಾಯಮಂಡಳಿ ಪರಿಶೀಲಿಸುತ್ತದೆ. ಕೋರ್ಟಿನ ವಿಚ್ಛೇದನ ಬೇರೆ, ಇದು ಬೇರೆ. ಹಿಂದೆ ಎರಡು ಹಂತದಲ್ಲೂ ಒಂದೇ ತೀರ್ಪು ಬರಬೇಕಿತ್ತು, 2015ರಲ್ಲಿ ಪೋಪ್ ಫ್ರಾನ್ಸಿಸ್ ಅದನ್ನು ಒಂದಕ್ಕೆ ಇಳಿಸಿದರು. ತೀರ್ಪು ಆಕೆಯ ಕಡೆ ಬಂದರೂ, ಯಜಮಾನರು ಹಿಂದೂ ಆದ್ದರಿಂದ ಧರ್ಮಾಧ್ಯಕ್ಷರಿಂದ ವಿಶೇಷ ಅನುಮತಿ ಪಡೆದೇ ಚರ್ಚಿನ ಮದುವೆ. ತೀರ್ಪು ಹೀಗೇ ಬರುತ್ತೆ ಅಂತ ನಾನು ಮಾತು ಕೊಡಲಿಲ್ಲ.

ಮುಂದಿನ ವಾರ ಯಜಮಾನರೂ ಬಂದರು. ಅವರನ್ನು ಮೊದಲೇ ಕರೆಸಬೇಕಿತ್ತು. "ನನಗೂ ತೀರ್ಥ ಹಾಕ್ತಾರಾ ಮೇಡಂ, ನಾನು ಹೊರಗೆ ನಿಲ್ಲಬೇಕಾ?" ಅಂತ ಕೇಳಿದರು. ಒಳಗೇ ನಿಲ್ಲಿ ಅಂದೆ. ಕಥೋಲಿಕರಲ್ಲದವರಿಗೂ ಆಶೀರ್ವಾದ ಕೊಡಬಹುದು ಅಂತ ಚರ್ಚಿನ ಕಾನೂನಿನಲ್ಲೇ ಇದೆ.

ನಾನು ಕೊಟ್ಟ ಸಲಹೆ ಇಷ್ಟು. ಮದುವೆ ದಿನ ಬೇಡ, ಬೇರೆ ದಿನ ಗೊತ್ತು ಮಾಡಿ. ಉಂಗುರ, ಫೋಟೋಗ್ರಾಫರ್ ಬಿಡಿ. ವಾರದ ದಿನ ಸಂಜೆ, ಜನ ಇಲ್ಲದಾಗ, ಇಬ್ಬರೂ ಹೋಗಿ ಫಾದರ್‌ಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. 'ಪೋಪ್ ಹೇಳಿದ್ದಾರೆ, ಮಾಡಲೇಬೇಕು' ಅಂತ ಮೊಬೈಲ್ ತೋರಿಸಬೇಡಿ. ಮನೆಗೆ ಆಶೀರ್ವಾದ ಬೇಕು, ನಮಗೂ ಬೇಕು ಅಂತ ಕೇಳಿ. ಅವರು ಯೋಚಿಸ್ತೀನಿ ಅಂದರೆ ಕಾಯಿರಿ, ಅದನ್ನೇ ಇಲ್ಲ ಅಂತ ತಿಳ್ಕೋಬೇಡಿ. ಈ ಭಾನುವಾರ ಮಾತ್ರ ಕೊನೆವರೆಗೂ ಕೂರಿ.

ಎರಡು ತಿಂಗಳ ಮೇಲೆ ಆಕೆ ಫೋನ್ ಮಾಡಿದರು. ಫಾದರ್ ಒಂದು ಗುರುವಾರ ಬಂದು 'ಈ ಮನೆಗೆ ಶಾಂತಿ' ಅಂತ ಶುರು ಮಾಡಿ ಅಡುಗೆಮನೆವರೆಗೂ ತೀರ್ಥ ಚಿಮುಕಿಸಿದರಂತೆ, ಮೇಣದಬತ್ತಿ ಹಿಡಿದದ್ದು ಯಜಮಾನರು. ಹೊರಡುವಾಗ ಬಾಗಿಲಲ್ಲಿ ಇಬ್ಬರ ತಲೆ ಮೇಲೂ ಕೈಯಿಟ್ಟರು. "ನಿಜವಾಗ್ಲೂ ಹದಿನೈದು ಸೆಕೆಂಡೇ ಮೇಡಂ," ಅಂದರು ಆಕೆ.

ಭಾನುವಾರ ಈಗಲೂ ಕೊನೆಯ ಬೆಂಚೇ, ಆದರೆ ಪೂಜೆ ಮುಗಿಯುವವರೆಗೂ ಇರುತ್ತಾರೆ. ನ್ಯಾಯಮಂಡಳಿಯ ಅರ್ಜಿ ತುಂಬದೆ ಫ್ರಿಜ್ ಮೇಲೆ ಇದೆಯಂತೆ. ನಾನು ಒತ್ತಾಯ ಮಾಡಿಲ್ಲ.