ಹಾಂಗ್‌ಕಾಂಗ್ ಚುನಾವಣೆಯ ಬಗ್ಗೆ ಬ್ರಿಟನ್ ಮತ್ತು ಚೀನಾ 1993ರಲ್ಲಿ ನಡೆಸಿದ ಮಾತುಕತೆ ಮುರಿದದ್ದು ಅಲ್ಲಿನ ಬ್ರಿಟಿಷ್ ಗವರ್ನರ್ ಪ್ಯಾಟನ್ ಹಠದಿಂದಲೋ, ಚೀನಾ ಹಠದಿಂದಲೋ? ಪ್ರಬಂಧದಲ್ಲಿ ಯಾರ ಪಕ್ಷ ಹಿಡಿಯಲಿ?

ಪಕ್ಷ ಹಿಡಿಯಬೇಡಿ. ನಾನು ಎಂ.ಫಿಲ್‌ಗೆ ಇದೇ ವಿಷಯ ತೆಗೆದುಕೊಂಡು, ಪಕ್ಷ ಹಿಡಿದು ಒಂದು ವರ್ಷ ಕಳೆದುಕೊಂಡೆ.

ನಾನು ಬರೆದದ್ದು ಇಷ್ಟು: 1997ರಲ್ಲಿ ಬ್ರಿಟನ್ ಹಾಂಗ್‌ಕಾಂಗನ್ನು ಚೀನಾಕ್ಕೆ ಹಸ್ತಾಂತರಿಸುವ ಮುಂಚೆ ಕೊನೆಯ ಗವರ್ನರ್ ಕ್ರಿಸ್ ಪ್ಯಾಟನ್ ಅಲ್ಲಿನ ಶಾಸನಸಭೆಯಲ್ಲಿ ಜನ ನೇರವಾಗಿ ಆರಿಸುವ ಸೀಟುಗಳನ್ನು ಹೆಚ್ಚಿಸಲು ಹೊರಟರು, ಚೀನಾ ಅದನ್ನು ಸಹಿಸಲಿಲ್ಲ, ಬೀಜಿಂಗ್‌ನಲ್ಲಿ 17 ಸುತ್ತು ಮಾತಾಡಿದರೂ ಕೆಲಸ ಆಗಲಿಲ್ಲ. ವೈವಾದಲ್ಲಿ ಪರೀಕ್ಷಕರು ಕೇಳಿದ್ದು ಒಂದೇ ಪ್ರಶ್ನೆ. "ಎಷ್ಟು ಸೀಟು ಹೆಚ್ಚಿಸಿದರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂದೂ ಹೆಚ್ಚಿಸಿರಲಿಲ್ಲ!

ತಪ್ಪಿದ್ದು ಎಲ್ಲಿ ಅಂದರೆ, 1990ರ ಏಪ್ರಿಲ್ 4ರಂದು ಚೀನಾ ಹಾಂಗ್‌ಕಾಂಗ್‌ನ ಮೂಲ ಕಾನೂನನ್ನು (ಬೇಸಿಕ್ ಲಾ, ಹಸ್ತಾಂತರದ ನಂತರ ಅಲ್ಲಿನ ಸಂವಿಧಾನದಂಥದ್ದು) ಅಂಗೀಕರಿಸಿತು. ಅದನ್ನು ಅನುಬಂಧ ಸಮೇತ ಓದಿದ್ದೆ. ಅದೇ ದಿನ ಮೊದಲ ಶಾಸನಸಭೆಯ ಬಗ್ಗೆ ಬೇರೆಯಾಗಿ ಒಂದು ನಿರ್ಣಯವೂ ಆಗಿತ್ತು. ಒಂದೆರಡು ಪುಟದ್ದು, ಅದರಲ್ಲೇನಿದೆ ಅಂತ ಬಿಟ್ಟುಬಿಟ್ಟೆ. ಎಲ್ಲ ಇದ್ದದ್ದೇ ಅದರಲ್ಲಿ. ಒಟ್ಟು 60 ಸೀಟು: 20 ನೇರ ಚುನಾವಣೆಗೆ, 30 ವೃತ್ತಿವಾರು ಕ್ಷೇತ್ರಗಳಿಗೆ (ಒಂದೊಂದು ವೃತ್ತಿ ಅಥವಾ ಉದ್ಯಮದವರು ಆರಿಸುವ ಸೀಟು), 10 ಒಂದು ಚುನಾವಣಾ ಸಮಿತಿ ಆರಿಸುವುದಕ್ಕೆ. ಪ್ಯಾಟನ್ ಈ ಲೆಕ್ಕವನ್ನು ಮುಟ್ಟಲೇ ಇಲ್ಲ. ಅವರು ಬದಲಿಸಿದ್ದು ಆ 30ಕ್ಕೆ ಮತ್ತು 10ಕ್ಕೆ ವೋಟು ಹಾಕುವವರು ಯಾರು ಅನ್ನುವುದನ್ನು. ಹೊಸ 9 ವೃತ್ತಿ ಕ್ಷೇತ್ರಗಳಲ್ಲಿ ದುಡಿಯುವ ಸುಮಾರು 27 ಲಕ್ಷ ಜನರಿಗೆ ವೋಟು ಸಿಗುತ್ತಿತ್ತು. ಹಳೆಯ ಕ್ಷೇತ್ರಗಳಲ್ಲಿ ಕಂಪನಿಯ ಹೆಸರಿನ ವೋಟು ಹೋಗಿ ವ್ಯಕ್ತಿಗಳ ವೋಟು ಬರುತ್ತಿತ್ತು. ಸಮಿತಿಯಲ್ಲಿ ಜಿಲ್ಲಾ ಮಂಡಳಿಗಳಿಗೆ ಜನರೇ ಆರಿಸಿದ ಸದಸ್ಯರು ಕೂರುತ್ತಿದ್ದರು. ಜಗಳ ಇದರ ಮೇಲೆ. ನಾನು ಸಂಖ್ಯೆಯ ಜಗಳ ಅಂದುಕೊಂಡು ಇಡೀ ಪ್ರಬಂಧ ಕಟ್ಟಿದ್ದೆ.

ಅದೇ ನಿರ್ಣಯದಲ್ಲಿ 'ಥ್ರೂ ಟ್ರೇನ್' ಕೂಡ ಇದೆ. ಬ್ರಿಟಿಷರ ಕಾಲದ ಕೊನೆಯ ಸಭೆಯ ರಚನೆ ನಿಯಮಕ್ಕೆ ಹೊಂದಿದರೆ, ಅದರ ಸದಸ್ಯರು 1997ರ ನಂತರವೂ ಮುಂದುವರಿಯಬಹುದು. ಹೊಂದಿಲ್ಲ ಅಂತ ಚೀನಾ ಹೇಳಿತು. 1995ರ ಸೆಪ್ಟೆಂಬರ್‌ನಲ್ಲಿ ಗೆದ್ದು ಬಂದ ಸಭೆ ಹಸ್ತಾಂತರದ ಜೊತೆಗೇ ಮುಗಿಯಿತು. ಅದರ ಜಾಗಕ್ಕೆ 400 ಜನರ ಸಮಿತಿ ಆರಿಸಿದ ತಾತ್ಕಾಲಿಕ ಸಭೆ ಬಂತು. ಅದು ಹಸ್ತಾಂತರಕ್ಕೆ ಮುಂಚೆಯೇ ಗಡಿಯಾಚೆ ಶೆನ್‌ಜೆನ್‌ನಲ್ಲಿ ಸೇರುತ್ತಿತ್ತು.

ಇನ್ನೊಂದು, 1990ರ ಶುರುವಿನಲ್ಲಿ ಎರಡು ದೇಶಗಳ ವಿದೇಶಾಂಗ ಸಚಿವರು, ಡಗ್ಲಸ್ ಹರ್ಡ್ ಮತ್ತು ಚಿಯಾನ್ ಚಿಚೆನ್, ಬರೆದುಕೊಂಡ 7 ಪತ್ರಗಳಿವೆ. ಚುನಾವಣೆಯ ವಿಚಾರದಲ್ಲಿ ಆಗಲೇ ಒಪ್ಪಿದ್ದಿರಿ ಅಂತ ಚೀನಾ, ಒಪ್ಪಿಲ್ಲ ಅಂತ ಬ್ರಿಟನ್. ಬೇರೆಯವರ ಸಾರಾಂಶ ನಂಬಬೇಡಿ, ಪತ್ರಗಳನ್ನೇ ಓದಿ.

ಯಾರ ಹಠ ಅನ್ನುವ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ಸುಮಾರು 60 ಲಕ್ಷ ಜನರಿದ್ದ ಊರಿನ ವೋಟಿನ ಮಾತು ಅದು, ಅಲ್ವಾ? ಆದರೆ ಮೇಜಿಗೆ ಕೂತದ್ದು ಎರಡೇ ಸರ್ಕಾರ. ಬ್ರಿಟಿಷ್ ತಂಡದ ಜೊತೆ ಬರುವ ಹಾಂಗ್‌ಕಾಂಗ್ ಅಧಿಕಾರಿಗಳಿಗೆ ಯಾವ ಸ್ಥಾನ ಅನ್ನುವುದಕ್ಕೇ ಮಾತುಕತೆ ಶುರುವಾಗುವ ಮುಂಚೆ ಜಗಳ ಆಗಿತ್ತು. ನಾನು ಪ್ರಬಂಧವನ್ನು ಎರಡನೇ ಸಲ ಬರೆದಾಗ ಅಲ್ಲಿಂದಲೇ ಶುರುಮಾಡಿದೆ.