ಹಾಲು ಒಡೆದಿದ್ದಕ್ಕೆ ಚೀಸ್ ಏನು ಮಾಡೀತು?

ಮೆಕ್ಸಿಕೋದ ಚೀಸ್ ಸೂಪ್ ಮಾಡೋಕೆ ಹೋಗಿ ಹಾಲು ಒಡೆಯಿತು ಅಂತ ಚೀಸ್ ಬದಲಾಯಿಸೋಕೆ ಹೊರಟಿದ್ದೀರಿ. ಮೊಝರೆಲ್ಲಾನಾ, ಚೆಡ್ಡರಾ, ಗಟ್ಟಿಯಾಗೋಕೆ ಕಾರ್ನ್‌ಫ್ಲೋರ್ ಎಷ್ಟು ಚಮಚ ಅಂತ ಕೇಳಿದ್ದೀರಿ. ಇದೇ ದಾರಿಯಲ್ಲಿ ಹೋಗಿ ಒಂದು ದೊಡ್ಡ ಪಾತ್ರೆ ಸೂಪನ್ನ ಸಿಂಕಿಗೆ ಸುರಿದವನು ನಾನು. ಅದಕ್ಕೇ ಬರೀತಿದ್ದೀನಿ.

ನಾನು ಓದಿದ್ದು ಅರಿಜೋನಾದ ಟೂಸಾನ್‌ನಲ್ಲಿ. ಅಲ್ಲಿಂದ ದಕ್ಷಿಣಕ್ಕೆ ಕಾರಿನಲ್ಲಿ ಹೆಚ್ಚುಕಮ್ಮಿ ಒಂದು ಗಂಟೆ ಹೋದರೆ ಮೆಕ್ಸಿಕೋ ಗಡಿ, ಗಡಿ ದಾಟಿದರೆ ಸೊನೋರಾ ರಾಜ್ಯ. ನೀವು ಕೇಳಿರೋ ಸೂಪ್ ಆ ಸೊನೋರಾದ್ದು, ಹೆಸರು ಕಾಲ್ದೊ ದೆ ಕೆಸೊ. ನನ್ನ ಪಕ್ಕದ ಮನೆಯಲ್ಲಿ ಎರ್ಮೊಸಿಯೊ ಊರಿನ ಒಬ್ಬರು ಅಜ್ಜಿ ಇದ್ದರು. ನಾನು ಮಾಂಸ ತಿನ್ನಲ್ಲ ಅಂತ ಗೊತ್ತಾದಾಗ ಉಳಿದವರ ಹಾಗೆ "ಮತ್ತೆ ಬದುಕೋದು ಹೇಗೆ" ಅಂತ ಕೇಳಲಿಲ್ಲ. ಶುಕ್ರವಾರ ಊಟಕ್ಕೆ ಬಾ ಅಂದರು. ಈಸ್ಟರ್‌ಗೆ ಮುಂಚೆ ಬರೋ ಉಪವಾಸದ ದಿನಗಳಲ್ಲಿ ಕ್ಯಾಥೊಲಿಕರು ಶುಕ್ರವಾರ ಮಾಂಸ ಮುಟ್ಟಲ್ಲ. ಅವರ ಕಡೆ ಆಗ ಈ ಸೂಪ್ ಮಾಡೋದು ವಾಡಿಕೆ. ಬೇರೆ ದಿನ ಕೋಳಿ ಬೇಯಿಸಿದ ನೀರು ಹಾಕೋ ಮನೆಗಳಿವೆ, ಆ ಅಜ್ಜಿ ಬರೀ ನೀರಲ್ಲೇ ಮಾಡಿದ್ದರು.

ತಟ್ಟೆಗೆ ಬಂದದ್ದು ನೋಡಿ ನನಗೆ ಸ್ವಲ್ಪ ನಿರಾಸೆಯೇ ಆಯಿತು. ಹೋಟೆಲಿನ ಕ್ರೀಮ್ ಸೂಪ್ ಥರ ದಪ್ಪಗಿರುತ್ತೆ ಅಂದುಕೊಂಡಿದ್ದೆ. ಇದು ನಮ್ಮ ಸಾರಿನ ಹಾಗೆ ತೆಳ್ಳಗೆ. ನಸುಗೆಂಪು ಹಾಲಿನಲ್ಲಿ ಆಲೂಗಡ್ಡೆ ಹೋಳು, ಸುಟ್ಟ ಹಸಿಮೆಣಸಿನಕಾಯಿಯ ಉದ್ದುದ್ದ ಸೀಳು, ತಳದಲ್ಲಿ ಚೀಸಿನ ಬಿಳಿ ತುಂಡು. ಆ ತುಂಡು ಕರಗಿರಲಿಲ್ಲ. ಕಚ್ಚಿದರೆ ಬಿಸಿಬಿಸಿ, ಮೆತ್ತಗೆ, ಉಪ್ಪುಪ್ಪು. ಎರಡನೇ ಸಲ ನಾನೇ ಕೇಳಿ ಹಾಕಿಸಿಕೊಂಡೆ.

ಅಷ್ಟು ಸಾಕಾಯ್ತು, ಯುಗಾದಿ ಊಟಕ್ಕೆ ಕನ್ನಡದ ಹುಡುಗರನ್ನೆಲ್ಲ ಕರೆದು ಇದನ್ನೇ ಮಾಡ್ತೀನಿ ಅಂತ ಜಂಬ ಕೊಚ್ಚಿಕೊಂಡೆ. ಸಾರಿನ ಕೈ ನೋಡಿ, ಟೊಮೆಟೊ ಧಾರಾಳವಾಗಿ ಹಾಕಿದೆ. ಹುಳಿ ಸಾಲದು ಅನ್ನಿಸಿ ಒಂದು ನಿಂಬೆಹಣ್ಣು ಬೇರೆ ಹಿಂಡಿದೆ. ಪಾತ್ರೆ ಕೊತಕೊತ ಕುದೀತಿರುವಾಗ ಫ್ರಿಜ್ಜಿನಿಂದ ತೆಗೆದ ಹಾಲು, ಅದೂ ಕೊಬ್ಬು ತೆಗೆದದ್ದು, ಒಂದೇ ಸಲಕ್ಕೆ ಸುರಿದೆ. ಮುಚ್ಚಳ ಮುಚ್ಚಿ ಉರಿ ಜೋರು ಮಾಡಿದೆ. ಮುಚ್ಚಳ ತೆಗೆದರೆ ಮೇಲೆ ಹಳದಿ ನೀರು, ಅದರಲ್ಲಿ ಬಿಳೀ ಚೂರುಗಳು ಸುತ್ತು ಹಾಕ್ತಿವೆ.

ಹಾಲು ಹಳತು ಅಂತ ಅಂಗಡಿಯವನಿಗೆ ಬೈದು, ಇನ್ನೊಂದು ಕ್ಯಾನ್ ಒಡೆದು ಅದನ್ನೂ ಅದೇ ಪಾತ್ರೆಗೆ ಸುರಿದೆ. ಅದೂ ಒಡೆಯಿತು. ಒಡೆಯದೆ ಇನ್ನೇನು! ಹಾಲಿನಲ್ಲಿರೋ ಕೇಸಿನ್ ಅನ್ನೋ ಪ್ರೋಟೀನು ಹುಳಿ ಸೋಕಿದರೆ ಗಂಟು ಕಟ್ಟುತ್ತೆ. ತಣ್ಣಗಿದ್ದಾಗ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 4.6ರವರೆಗೆ ಇಳಿಯಬೇಕು, ಕುದಿಯೋ ಬಿಸಿಯಲ್ಲಿ ಅಷ್ಟು ಹುಳಿಯೂ ಬೇಡ. ಟೊಮೆಟೊದ ಪಿಎಚ್ಚೇ ಸುಮಾರು 4.5, ನಿಂಬೆಯದು ಅದಕ್ಕಿಂತ ಎಷ್ಟೋ ಕೆಳಗೆ. ಪನೀರ್ ಮಾಡೋಕೆ ನಾವು ಏನು ಮಾಡ್ತೀವೋ ಅದನ್ನೇ ನಾನು ಸೂಪಿನ ಪಾತ್ರೆಯಲ್ಲಿ ಶಾಸ್ತ್ರೋಕ್ತವಾಗಿ ಮಾಡಿದ್ದೆ. ಆಮೇಲೆ ಕಾರ್ನ್‌ಫ್ಲೋರ್ ಕಲಸಿ ಹಾಕಿದೆ: ಒಡೆದ ನೀರು ಅಂಬಲಿಯಾಯಿತು. ಮರ್ಯಾದೆ ಉಳಿಸಲಿ ಅಂತ ಮೊಝರೆಲ್ಲಾ ಹಾಕಿದೆ: ಅದು ಸೌಟಿಗೆ ಸುತ್ತಿಕೊಂಡು ಮೇಲೆ ಬಂತು. ಬೇವುಬೆಲ್ಲ ತಿಂದು ಕಾಯ್ತಿದ್ದ ಹುಡುಗರಿಗೆಲ್ಲ ಪಿಜ್ಜಾ ತರಿಸಿದೆ. ಆ ತಿಂಗಳ ಸ್ಟೈಪೆಂಡಿನಲ್ಲಿ ಆ ಬಿಲ್ಲು ಎದ್ದು ಕಾಣ್ತಿತ್ತು.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಎರಡೂ ಬೇಡ. ಮೊಝರೆಲ್ಲಾ ಎಳೆಎಳೆಯಾಗಿ ತಳ ಹಿಡಿಯುತ್ತೆ, ಚೆಡ್ಡರ್ ಎಣ್ಣೆ ಬಿಡುತ್ತೆ, ಕ್ಯೂಬ್ ಚೀಸ್ ಕರಗಿ ಬೇರೆಯದೇ ಸೂಪಾಗುತ್ತೆ. ಕಾರ್ನ್‌ಫ್ಲೋರಿನ ಮಾತೇ ಇಲ್ಲ, ಇದು ಗಟ್ಟಿಯಾಗಬೇಕಾದ ಪದಾರ್ಥವೇ ಅಲ್ಲ. ಅಲ್ಲಿ ಬಳಸೋದು ಕೆಸೊ ಫ್ರೆಸ್ಕೊ ಅನ್ನೋ ತಾಜಾ ಚೀಸು, ಇಲ್ಲವೇ ಸೊನೋರಾದ್ದೇ ಆದ ಕೆಸೊ ಕೊಸಿದೊ. ಬೆಂಗಳೂರಲ್ಲಿ ಕೂತು ಅದನ್ನು ಹುಡುಕೋದಕ್ಕಿಂತ ಪನೀರ್ ತನ್ನಿ. ಫ್ರೆಸ್ಕೊ ಥರವೇ ಅದೂ ಕರಗಲ್ಲ. ಉಪ್ಪಿರಲ್ಲ ಅನ್ನೋದೊಂದೇ ಕೊರತೆ. ಹೋಳು ಮಾಡಿ ಒಂದು ಗಂಟೆ ಉಪ್ಪುನೀರಲ್ಲಿ ನೆನೆಹಾಕಿ.

ಮೆಣಸಿನಕಾಯಿಗೆ ಬಜ್ಜಿ ಮೆಣಸಿನಕಾಯಿಯೇ ಸರಿ. ಸೊನೋರಾದವರು ಹಾಕೋದೂ ಅಂಥದೇ ಉದ್ದನೆಯ, ಖಾರ ಕಮ್ಮಿಯ ಕಾಯಿ. ನಾಲ್ಕು ಜನಕ್ಕೆ ನಾಲ್ಕು ಕಾಯಿ, ಗ್ಯಾಸಿನ ಉರಿ ಮೇಲೆ ಸಿಪ್ಪೆ ಕಪ್ಪಾಗೋವರೆಗೆ ಸುಡಿ. ಹತ್ತು ನಿಮಿಷ ಮುಚ್ಚಿಟ್ಟರೆ ಸಿಪ್ಪೆ ತಾನಾಗೇ ಬಿಟ್ಟುಕೊಳ್ಳುತ್ತೆ. ಬೀಜ ತೆಗೆದು ಉದ್ದಕ್ಕೆ ಸೀಳಿ. ಈ ಸುಡೋದನ್ನ ಬಿಟ್ಟು ದಪ್ಪ ಮೆಣಸಿನಕಾಯಿ ಹೆಚ್ಚಿ ಹಾಕಿದರೆ ಸೂಪಿಗೆ ಆ ಹೊಗೆಯ ಘಮ ಬರಲ್ಲ, ನನ್ನ ಮಟ್ಟಿಗೆ ಅದಿಲ್ಲದೆ ಮಾಡೋದೇ ದಂಡ.

ಉಳಿದದ್ದು ಸುಲಭ. ಬೆಣ್ಣೆಯಲ್ಲಿ ಒಂದು ಈರುಳ್ಳಿ, ಎರಡು ಎಸಳು ಬೆಳ್ಳುಳ್ಳಿ ಬಾಡಿಸಿ. ಅರ್ಧ ಕಿಲೋ ಆಲೂಗಡ್ಡೆ ಹೋಳು, ನಾಲ್ಕು ಲೋಟ ನೀರು, ಉಪ್ಪು ಹಾಕಿ ಬೇಯಿಸಿ. ಕುಕ್ಕರ್ ಬೇಡ, ಹೋಳು ಹೋಳಾಗೇ ಇರಬೇಕು. ಅಜ್ಜಿ ಟೊಮೆಟೊವನ್ನು ಈರುಳ್ಳಿ ಜೊತೆಗೇ ಬಾಡಿಸ್ತಿದ್ದರು. ನಾನು ಆಲೂಗಡ್ಡೆ ಮುಕ್ಕಾಲು ಬೆಂದ ಮೇಲೆ ಹಾಕ್ತೀನಿ, ಯಾಕೆಂದರೆ ಹುಳಿಯಲ್ಲಿ ಆಲೂಗಡ್ಡೆ ಬೇಗ ಮೆತ್ತಗಾಗಲ್ಲ. ಎರಡೇ ಟೊಮೆಟೊ, ಅದಕ್ಕಿಂತ ಒಂದೂ ಹೆಚ್ಚಿಲ್ಲ. ಮೆಣಸಿನಕಾಯಿ ಸೀಳು ಹಾಕಿ. ಅವರ ಕಡೆಯ ಓರೆಗಾನೊ ಇಲ್ಲಿ ಸಿಗದಿದ್ದರೆ ದೊಡ್ಡಪತ್ರೆಯ ಒಂದು ಎಲೆ ಚೂರು ಮಾಡಿ ಹಾಕಿ, ಒಂದೇ. ಜೀರಿಗೆ, ಅರಿಶಿನ, ಒಗ್ಗರಣೆ ಯಾವುದೂ ಬೇಡ.

ಈಗ ಹಾಲು. ಮೊದಲು ಸ್ಟವ್ ಆರಿಸಿ. ಆರಿಸಿ ಅಂದರೆ ಸಣ್ಣ ಉರಿ ಅಲ್ಲ, ಪೂರಾ ಆರಿಸಿ, ಕುದಿ ಅಡಗಲಿ. ಕೆನೆ ತೆಗೆದ ಹಾಲು ಬೇಡ, ನಂದಿನಿ ಶುಭಂ ಆದರೂ ಸಾಕು. ಕಾಯಿಸಿ ಉಗುರುಬೆಚ್ಚಗಿರೋ ಹಾಲು ಎರಡು ಲೋಟ ಬೇರೆ ಪಾತ್ರೆಯಲ್ಲಿಟ್ಟುಕೊಂಡು, ಅದಕ್ಕೆ ಒಂದೊಂದೇ ಸೌಟು ಸೂಪು ಬೆರೆಸ್ತಾ ಬನ್ನಿ. ಮೂರು ನಾಲ್ಕು ಸೌಟಾದ ಮೇಲೆ ಅಷ್ಟನ್ನೂ ದೊಡ್ಡ ಪಾತ್ರೆಗೆ ಹಾಕಿ. ಮತ್ತೆ ಬಿಸಿ ಮಾಡಬೇಕೆಂದರೆ ಸಣ್ಣ ಉರಿಯಲ್ಲಿ ಆವಿ ಏಳೋವರೆಗೆ ಮಾತ್ರ, ಅಂಚಿನಲ್ಲಿ ಗುಳ್ಳೆ ಕಂಡ ತಕ್ಷಣ ಇಳಿಸಿ. ನಿಂಬೆ ಬೇಕು ಅಂತ ಕೈ ತುರಿಸಿದರೂ ಹಿಂಡಬೇಡಿ.

ಪನೀರನ್ನು ಪಾತ್ರೆಗೆ ಹಾಕೋದಲ್ಲ. ಖಾಲಿ ಬಟ್ಟಲಿನ ತಳಕ್ಕೆ ಹೋಳು ಹಾಕಿ, ಮೇಲಿಂದ ಸೂಪು ಸುರಿಯಿರಿ, ಎರಡು ನಿಮಿಷ ಬಿಡಿ. ನಂಜಿಕೊಳ್ಳೋಕೆ ಗಾರ್ಲಿಕ್ ಬ್ರೆಡ್ ಯಾಕೆ? ಸೊನೋರಾ ಗೋಧಿ ಸೀಮೆ, ಅವರು ಗೋಧಿಹಿಟ್ಟಿನ ಟೋರ್ಟಿಯಾ ಜೊತೆ ತಿಂತಾರೆ. ನಿಮ್ಮ ಮನೆಯ ಮೆತ್ತನೆ ಚಪಾತಿ ಅದಕ್ಕೆ ಎಷ್ಟೋ ಹತ್ತಿರ. ಜನ ಎಷ್ಟು ಬರ್ತಾರೋ ಗೊತ್ತಿಲ್ಲದಿದ್ದರೆ ಹಾಲು ಬೆರೆಸೋದಕ್ಕೆ ಮುಂಚೆಯೇ ಅರ್ಧ ಸೂಪು ತೆಗೆದಿಡಿ. ಮಾರನೇ ದಿನ ಅದನ್ನು ಎಷ್ಟು ಬೇಕಾದರೂ ಕುದಿಸಬಹುದು, ಹಾಲು ಆಮೇಲೆ.